ಮೂರು ಮನೆ ಸಿಕ್ಕರೆ ಸಾಕು: ಹೋಮ್‌ಸ್ಕೂಲಿಂಗ್ ಕುಟುಂಬಗಳ ಗುಂಪು ಕಟ್ಟುವುದು ಹೇಗೆ?

"ಯಾವ ಸ್ಕೂಲು ಪುಟ್ಟಾ? ಎಷ್ಟನೇ ಕ್ಲಾಸು?"

ಲಿಫ್ಟಿನಲ್ಲಿ, ದಿನಸಿ ಅಂಗಡಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ದೊಡ್ಡವರು ಮಕ್ಕಳನ್ನು ಕೇಳುವ ಮೊದಲ ಪ್ರಶ್ನೆ ಇದೇ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮನೆಯಲ್ಲೇ ಕಲಿಯುವ ಮಗು ಆಗ ಉತ್ತರ ಹೇಳದೆ ಅಮ್ಮನ ಮುಖ ನೋಡುತ್ತದೆ. ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಒಂದು ಗೃಹಪ್ರವೇಶದಲ್ಲಿ ಹೀಗೇ ಆಯಿತು. ವಾಪಸ್ ಬರುವಾಗ ಆಟೋದಲ್ಲಿ ಕೇಳಿದಳು: "ಅಮ್ಮ, ನಮ್ಮ ಥರ ಬೇರೆ ಯಾರೂ ಇಲ್ವಾ?"

ಇದ್ದರು. ನಮಗೆ ಗೊತ್ತಿರಲಿಲ್ಲ ಅಷ್ಟೇ. ಅವರನ್ನು ಹುಡುಕಿ, ಸೇರಿಸಿ, ವಾರವಾರ ತಪ್ಪದೆ ಕೂಡುವ ಒಂದು ಗುಂಪು ಮಾಡಿಕೊಳ್ಳಲು ನಮಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ನಿರ್ಧಾರ ಮಾಡಿದವರಿಗೆ, ಈಗಾಗಲೇ ಶುರು ಮಾಡಿ ಒಂಟಿ ಅನಿಸುತ್ತಿರುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಬೆಂಗಳೂರಿನಲ್ಲಿ. ಬೇರೆ ಊರಿನವರು ಜಾಗದ ಹೆಸರು ಬದಲಾಯಿಸಿಕೊಂಡು ಓದಿ.

1. ಮೊದಲು ಒಂದು ಚೀಟಿ ಬರೆಯಿರಿ

ಜನರನ್ನು ಹುಡುಕುವ ಮುಂಚೆ ನಿಮಗೆ ಏನು ಬೇಕು ಅಂತ ಬರೆದುಕೊಳ್ಳಿ. ಮಗುವಿಗೆ ಆಟಕ್ಕೆ ಜೊತೆ ಬೇಕಾ? ಹತ್ತನೇ ತರಗತಿ ಪರೀಕ್ಷೆ ಹೇಗೆ ಬರೆಸುವುದು ಅಂತ ತಿಳಿಯಬೇಕಾ? ಗಣಿತ ಹೇಳಿಕೊಡಲು ನಿಮಗೆ ಕಷ್ಟ ಆಗುತ್ತಿದೆಯಾ? ಅತ್ತೆ-ಮಾವನ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಗಿದೆಯಾ? ವಾರಕ್ಕೆ ಎರಡು ಗಂಟೆ ಸುಮ್ನೆ ಕೂರಲು ನಿಮಗೇ ಒಂದು ಬಿಡುವು ಬೇಕಾ?

ಎಲ್ಲ ಒಂದೇ ಗುಂಪಿನಿಂದ ಸಿಗುವುದಿಲ್ಲ. ಆಟದ ಜೊತೆ ಒಂದು ಕಡೆ ಸಿಗಬಹುದು, ಪರೀಕ್ಷೆಯ ಮಾಹಿತಿ ಇನ್ನೊಂದು ಕಡೆ. ಚೀಟಿ ಬರೆದರೆ, ಸಿಕ್ಕ ಮೊದಲ ಗುಂಪಿನಲ್ಲೇ ಎಲ್ಲ ಹುಡುಕಿ ಬೇಸರ ಪಡುವುದು ತಪ್ಪುತ್ತದೆ. ನನ್ನ ಚೀಟಿಯಲ್ಲಿ ಮೊದಲ ಸಾಲು "ಮಗಳಿಗೆ ಫ್ರೆಂಡ್ಸ್" ಅಂತಿತ್ತು. ಈಗ ಯೋಚಿಸಿದರೆ ಫ್ರೆಂಡ್ಸ್ ಜಾಸ್ತಿ ಬೇಕಿದ್ದದ್ದು ನನಗೆ. ಮಕ್ಕಳು ಹೇಗೋ ಬೀದಿಯಲ್ಲಿ ಜೊತೆ ಮಾಡಿಕೊಳ್ಳುತ್ತಾರೆ. ದೊಡ್ಡವರಿಗೆ ಅದು ಅಷ್ಟು ಸುಲಭವಾಗಿ ಆಗುವುದಿಲ್ಲ.

2. ಮೊದಲ ಮೂರು ಮನೆ ಹುಡುಕಿ

ದೇಶದ ಮಟ್ಟದಲ್ಲಿ ಹೋಮ್‌ಸ್ಕೂಲಿಂಗ್ ಕುಟುಂಬಗಳು ಸೇರಿ ಕಟ್ಟಿಕೊಂಡಿರುವ "ಸ್ವಶಿಕ್ಷಣ್" ಅನ್ನುವ ಸಂಘ ಇದೆ. ಅಲ್ಲಿ ಕೇಳಿದರೆ ನಿಮ್ಮ ಊರಿನವರು ಯಾರಾದರೂ ಇದ್ದಾರಾ ಅಂತ ಗೊತ್ತಾಗಬಹುದು. ಬೆಂಗಳೂರು, ಪುಣೆ, ಮುಂಬೈಯಂಥ ಊರುಗಳಲ್ಲಿ ವಾಟ್ಸಾಪ್ ಗುಂಪುಗಳು ಕೂಡ ಇವೆ.

ಆದರೆ ನನಗೆ ಮೊದಲ ಕುಟುಂಬ ಸಿಕ್ಕಿದ್ದು ಫೋನಿನಲ್ಲಿ ಅಲ್ಲ, ಲೈಬ್ರರಿಯಲ್ಲಿ. ಮಂಗಳವಾರ ಬೆಳಿಗ್ಗೆ 11 ಗಂಟೆ. ಊರಿನ ಮಕ್ಕಳೆಲ್ಲ ಶಾಲೆಯಲ್ಲಿರುವ ಹೊತ್ತಿನಲ್ಲಿ ಒಬ್ಬ ಅಪ್ಪ ಎಂಟು ವರ್ಷದ ಮಗನ ಜೊತೆ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದರು. ಮಗುವಿಗೆ ಹುಷಾರಿಲ್ಲದಂತೆ ಕಾಣಲಿಲ್ಲ. ನಾನೇ ಹೋಗಿ ಮಾತಾಡಿಸಿದೆ. ಶಾಲೆಯ ಹೊತ್ತಿನಲ್ಲಿ ಲೈಬ್ರರಿ, ಈಜುಕೊಳ, ಚೆಸ್ ಕ್ಲಾಸು, ಪಾರ್ಕಿನಲ್ಲಿ ಮಗುವಿನ ಜೊತೆ ಕಾಣುವವರನ್ನು ಗಮನಿಸಿ. ದಿನಕ್ಕೆ ಆರು ಗಂಟೆ ಅಭ್ಯಾಸ ಮಾಡುವ ಕ್ರೀಡಾಪಟು ಮಕ್ಕಳ ಮನೆಯವರು, ಮೇಲಿಂದ ಮೇಲೆ ವರ್ಗಾವಣೆ ಆಗುವವರು, ಶಾಲೆಯಲ್ಲಿ ಹೊಂದಿಕೊಳ್ಳಲಾಗದ ವಿಶೇಷ ಅಗತ್ಯದ ಮಕ್ಕಳ ತಂದೆ-ತಾಯಿ ಎಷ್ಟೋ ಸಲ "ಹೋಮ್‌ಸ್ಕೂಲಿಂಗ್" ಅನ್ನುವ ಪದವನ್ನೇ ಬಳಸುವುದಿಲ್ಲ. "ಸದ್ಯಕ್ಕೆ ಮನೆಯಲ್ಲೇ ಓದಿಸ್ತಾ ಇದ್ದೀವಿ" ಅನ್ನುತ್ತಾರೆ. ಅವರೂ ನಮ್ಮವರೇ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಮಾಡುವವರ ಹತ್ತಿರ ನಿಮ್ಮ ನಂಬರ್ ಕೊಟ್ಟಿಡಿ, ಬೇಕಾದವರಿಗೆ ಕೊಡಿ ಅಂತ ಹೇಳಿ. ಬೇರೆಯವರ ನಂಬರ್ ಮಾತ್ರ ನೀವು ಕೇಳಬೇಡಿ.

ಮೊದಲ ಸಲ ಮಾತಾಡುವಾಗ "ಯಾವ ಸಿಲೆಬಸ್ ಮಾಡಿಸ್ತೀರಿ?" ಅಂತ ಶುರು ಮಾಡಬೇಡಿ. ಕೆಲವರು ಶಾಲೆಯ ಪಠ್ಯವನ್ನೇ ಮನೆಯಲ್ಲಿ ವೇಳಾಪಟ್ಟಿ ಹಾಕಿ ಕಲಿಸುತ್ತಾರೆ. ಇನ್ನು ಕೆಲವರು ಅನ್‌ಸ್ಕೂಲಿಂಗ್ ಅಂತ, ಮಗು ಕೇಳಿದ್ದನ್ನು ಮಾತ್ರ ಕಲಿಸುತ್ತಾರೆ. ಇಬ್ಬರಿಗೂ ಆ ಪ್ರಶ್ನೆ ಪರೀಕ್ಷೆ ಮಾಡಿದಂತೆ ಕೇಳಿಸುತ್ತದೆ. "ಈ ವಾರ ಹೇಗಿತ್ತು?" ಅಂತ ಕೇಳಿ. ಮಾತು ತಾನೇ ಬರುತ್ತದೆ.

ಮೂರು ಮನೆ ಸಿಕ್ಕರೆ ಶುರು ಮಾಡಬಹುದು. ಒಂದು ಮನೆಯಲ್ಲಿ ಜ್ವರ ಬಂದರೂ ಇನ್ನೆರಡು ಬರುತ್ತವೆ, ಮಕ್ಕಳಿಗೆ ಜೊತೆ ತಪ್ಪುವುದಿಲ್ಲ. ಎರಡೇ ಮನೆ ಇದ್ದರೆ ಒಬ್ಬರು ಬರದ ದಿನ ಇನ್ನೊಬ್ಬರು ಒಂಟಿ.

3. ಒಂದು ದಿನ, ಒಂದು ಜಾಗ, ಬದಲಾಯಿಸಬೇಡಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾವು ಮೊದಲು ಸೇರಿಕೊಂಡ ವಾಟ್ಸಾಪ್ ಗುಂಪಿನಲ್ಲಿ 84 ಜನ ಇದ್ದರು. ಪ್ರತಿ ವಾರ ಯಾರಾದರೂ "ಭಾನುವಾರ ಸೇರೋಣವಾ?" ಅಂತ ಕೇಳುತ್ತಿದ್ದರು. ಮೂವತ್ತು ಜನ ಹೆಬ್ಬೆರಳು ತೋರಿಸುತ್ತಿದ್ದರು. ಜಾಗ ಎಲ್ಲಿ, ಸಮಯ ಯಾವುದು ಅಂತ ಚರ್ಚೆ ನಡೆದು ಭಾನುವಾರ ಮುಗಿದುಹೋಗುತ್ತಿತ್ತು. ಎಂಟು ತಿಂಗಳಲ್ಲಿ ಸೇರಿದ್ದು ಎರಡೇ ಸಲ.

ಆಮೇಲೆ ಲೈಬ್ರರಿಯಲ್ಲಿ ಸಿಕ್ಕ ಆ ಕುಟುಂಬ ಮತ್ತು ನಾವು ಒಂದು ತೀರ್ಮಾನ ಮಾಡಿದೆವು. ಪ್ರತಿ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಇರುತ್ತೇವೆ. ಯಾರು ಬಂದರೂ ಬರದಿದ್ದರೂ ಒಂದೂವರೆ ತನಕ ಇರುತ್ತೇವೆ. ಯಾರನ್ನೂ ಒಪ್ಪಿಗೆ ಕೇಳಲಿಲ್ಲ. ಗುಂಪಿನಲ್ಲಿ ಒಂದು ಸಾಲು ಹಾಕಿದೆವು ಅಷ್ಟೇ. ಮೊದಲ ನಾಲ್ಕು ವಾರ ನಾವಿಬ್ಬರ ಮನೆಯವರೇ. ಐದನೇ ವಾರ ಯಲಹಂಕದಿಂದ ಒಬ್ಬ ತಾಯಿ ಅವಳಿ ಮಕ್ಕಳ ಜೊತೆ ಬಂದರು. "ನೀವು ನಿಜವಾಗಿಯೂ ಇರ್ತೀರಾ ಇಲ್ವಾ ಅಂತ ಒಂದು ತಿಂಗಳು ಕಾದೆ" ಅಂದರು. ಇದರಲ್ಲಿ ದೊಡ್ಡ ವಿಷಯ ಇದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಊರು ದಾಟಿ ಬರುವ ತಾಯಿಗೆ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಅನ್ನುವ ಭರವಸೆ ಬೇಕು. ಅದು ಬಂದಮೇಲೆ ಜನ ತಾವಾಗಿಯೇ ಬರುತ್ತಾರೆ.

ಜಾಗ ಆರಿಸುವಾಗ ಇಷ್ಟು ನೋಡಿ: ಶೌಚಾಲಯ ಇದೆಯಾ, ಕುಡಿಯುವ ನೀರು ಸಿಗುತ್ತದಾ, ನೆರಳಿದೆಯಾ, ಬಸ್ಸು ಅಥವಾ ಮೆಟ್ರೋ ಹತ್ತಿರವಾ, ಮಳೆ ಬಂದರೆ ಓಡಿಹೋಗಿ ನಿಲ್ಲಲು ಸೂರು ಇದೆಯಾ. ಕಬ್ಬನ್ ಪಾರ್ಕನ್ನು ನಾವು ಆರಿಸಿದ್ದು ಪಕ್ಕದಲ್ಲೇ ಮೆಟ್ರೋ ನಿಲ್ದಾಣ ಇದೆ ಅಂತ. ಒಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೇಂದ್ರ ಗ್ರಂಥಾಲಯ ಇದೆ, ಬಾಲಭವನ ಇದೆ. ಕಸ್ತೂರ್ಬಾ ರಸ್ತೆ ಕಡೆಗೆ ನಡೆದರೆ ವಿಶ್ವೇಶ್ವರಯ್ಯ ಮ್ಯೂಸಿಯಂ. ಮಳೆ ಹಿಡಿದರೆ ಎಲ್ಲರೂ ಅಲ್ಲಿಗೆ.

ದೂರದ ಬಗ್ಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಕಡೆಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಆದರೆ ಯಾವ ಕುಟುಂಬವೂ ವಾರವಾರ ಬರುವುದಿಲ್ಲ, ಎಷ್ಟೇ ಆಸೆ ಇದ್ದರೂ. ಹಾಗಾದಾಗ ಗುಂಪನ್ನು ಎರಡು ಮಾಡಿ. ನಮ್ಮಲ್ಲಿ ಈಗ ಜಯನಗರ ಕಡೆಯವರು ತಮ್ಮಷ್ಟಕ್ಕೆ ಶುಕ್ರವಾರ ಸೇರುತ್ತಾರೆ, ತಿಂಗಳಿಗೊಂದು ಬುಧವಾರ ಎಲ್ಲರೂ ಒಟ್ಟಾಗುತ್ತೇವೆ.

ದಿನ ಆರಿಸುವಾಗ ವಾರದ ನಡುವಿನ ದಿನ ಒಳ್ಳೆಯದು. ಶನಿವಾರ-ಭಾನುವಾರ ಪಾರ್ಕುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ತುಂಬ ಮ್ಯೂಸಿಯಂಗಳಿಗೆ ರಜೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿದ್ದರೆ ತಿಂಗಳಿಗೊಂದು ಶನಿವಾರ ಅವರಿಗಾಗಿ ಇಡಿ.

4. ಸೇರಿದ ಮೇಲೆ ಏನು ಮಾಡುವುದು?

ಮೊದಲ ಗಂಟೆ ಏನೂ ಮಾಡಬೇಡಿ. ಮಕ್ಕಳು ಆಡಲಿ. ಲಗೋರಿ, ಕುಂಟೆಬಿಲ್ಲೆ, ಮರಕೋತಿ, ಏನಾದರೂ. ನಾಲ್ಕು ವರ್ಷದವರಿಂದ ಹದಿನಾಲ್ಕು ವರ್ಷದವರ ತನಕ ಒಟ್ಟಿಗೆ ಆಡುವುದನ್ನು ನೋಡಿದರೆ ಶುರುವಿನಲ್ಲಿ ಗಾಬರಿ ಆಗುತ್ತದೆ. ಶಾಲೆಯಲ್ಲಿ ನಾವೆಲ್ಲ ಒಂದೇ ವಯಸ್ಸಿನವರ ಜೊತೆ ಕೂತು ಬಂದವರು ಅಲ್ವಾ. ಕೆಲವೇ ವಾರಗಳಲ್ಲಿ ದೊಡ್ಡವರು ಚಿಕ್ಕವರಿಗಾಗಿ ಆಟದ ನಿಯಮ ಬದಲಾಯಿಸುವುದು ಕಾಣುತ್ತದೆ. ಚಿಕ್ಕವರಿಗೆ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅನ್ನುವ ಹಳೇ ಉಪಾಯ ಅವರೇ ಕಂಡುಕೊಳ್ಳುತ್ತಾರೆ.

ಆಮೇಲೆ ಒಂದು ಗಂಟೆ, ಒಬ್ಬರು ಒಂದು ವಿಷಯ ಹೇಳಿಕೊಡಲಿ. ಇದಕ್ಕೆ ಒಂದು ನೋಟ್‌ಬುಕ್ ಮಾಡಿ. ಪ್ರತಿ ಮನೆಯವರೂ ತಮಗೆ ಬರುವುದನ್ನು ಬರೆಯಬೇಕು. ಯಾರನ್ನು ಕೇಳಿದರೂ ಮೊದಲು "ನನಗೇನೂ ಬರಲ್ಲ" ಅನ್ನುತ್ತಾರೆ. ಹಾಗೆ ಕೇಳಬೇಡಿ. "ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಹಬ್ಬದ ಅಡುಗೆ ಯಾರದ್ದು? ಯಾರಾದರೂ ಹಾಡುತ್ತಾರಾ?" ಅಂತ ಕೇಳಿ. ನಮ್ಮ ನೋಟ್‌ಬುಕ್ಕಿನಲ್ಲಿ ಹೀಗೆ ಸಿಕ್ಕಿದ್ದು: ಮಿಕ್ಸಿ ಬಿಚ್ಚಿ ಮೋಟಾರ್ ತೋರಿಸುವುದು, ಪಂಚಾಂಗ ನೋಡುವುದು, ಬ್ಯಾಂಕಿನ ಪಾಸ್‌ಬುಕ್ ಓದುವುದು, ಹಕ್ಕಿಗಳನ್ನು ಗುರುತಿಸುವುದು, ಅಳಗುಳಿಮಣೆ. ಒಬ್ಬ ಅಜ್ಜಿ ಅಕ್ಕಿ ಹಪ್ಪಳ ಮಾಡಿಸಿದರು. ಎಷ್ಟು ಅಕ್ಕಿಗೆ ಎಷ್ಟು ಉಪ್ಪು, ಎರಡರಷ್ಟು ಮಾಡಿದರೆ ಎಷ್ಟು, ಮೂರೂವರೆ ಪಾವಿಗೆ ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಿದರು. ಅನುಪಾತ ಅಂದರೆ ಏನು ಅಂತ ನನ್ನ ಮಗಳಿಗೆ ತಿಳಿದದ್ದು ಅವತ್ತು.

ಅಜ್ಜಿ-ತಾತಂದಿರನ್ನು ಕರೆತರುವುದರಿಂದ ಇನ್ನೊಂದು ಲಾಭ ಇದೆ. ಮನೆಯಲ್ಲಿ ಹೆಚ್ಚು ಆತಂಕ ಇರುವುದು ಅವರಿಗೇ. "ಮಗು ನಾಲ್ಕು ಜನರ ಜೊತೆ ಬೆರೆಯೋದು ಹೇಗೆ?" ಅಂತ ಕೇಳುತ್ತಾರೆ. ನಾವು ಎಷ್ಟು ವಾದ ಮಾಡಿದರೂ ಸಮಾಧಾನ ಆಗುವುದಿಲ್ಲ. ನಮ್ಮ ಮಾವ ಒಂದು ಬುಧವಾರ ಬಂದು ಕಲ್ಲುಬೆಂಚಿನ ಮೇಲೆ ಕೂತು, ಹದಿನೈದು ಮಕ್ಕಳು ಜಗಳವಾಡಿ ತಾವೇ ರಾಜಿ ಮಾಡಿಕೊಳ್ಳುವುದನ್ನು ನೋಡಿದರು. ಆಮೇಲೆ ಮನೆಯಲ್ಲಿ ಆ ಪ್ರಶ್ನೆ ಬರಲಿಲ್ಲ. ಮುಂದಿನ ತಿಂಗಳು ಅವರೇ ಚೌಕಾಬಾರ ಹಲಗೆ ಹಿಡಿದು ಹೊರಟರು.

5. ಕನ್ನಡಕ್ಕೆ ಒಂದು ಜಾಗ ಇಡಿ

ಬೆಂಗಳೂರಿನ ಗುಂಪುಗಳಲ್ಲಿ ಆರು ಭಾಷೆಯ ಮನೆಗಳು ಸೇರುತ್ತವೆ. ಮಾತು ತಂತಾನೇ ಇಂಗ್ಲಿಷಿಗೆ ಹೊರಳುತ್ತದೆ. ಶಾಲೆಯಲ್ಲಾದರೆ ಕನ್ನಡಕ್ಕೆ ಒಂದು ಪೀರಿಯಡ್ ಆದರೂ ಇರುತ್ತದೆ. ಮನೆಯಲ್ಲಿ ಕಲಿಯುವ ಮಕ್ಕಳಿಗೆ ನಾವು ಮಾಡದಿದ್ದರೆ ಅದೂ ಇಲ್ಲ. ಕನ್ನಡದ ಮನೆಯ ಮಕ್ಕಳೇ ಅ-ಆ-ಇ-ಈ ಬಾರದೆ ಹತ್ತು ವರ್ಷ ದಾಟುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ನಮ್ಮ ಗುಂಪಿನಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಕನ್ನಡ ಕಥೆ ಇರುತ್ತದೆ. ಪಾಠ ಇಲ್ಲ, ಬರವಣಿಗೆ ಇಲ್ಲ. ಯಾರಾದರೂ ಒಬ್ಬರು ಗಟ್ಟಿಯಾಗಿ ಓದುತ್ತಾರೆ ಅಥವಾ ಹೇಳುತ್ತಾರೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಓದಲು ಶುರು ಮಾಡಿದವರಿಗೆ ಬೇಕಾದ ಚಿಕ್ಕ ಸಾಲಿನವೂ ಇವೆ. ತಮಿಳು, ಹಿಂದಿ ಮನೆಯ ಮಕ್ಕಳೂ ಕೂರುತ್ತಾರೆ. ಆರು ತಿಂಗಳಾದ ಮೇಲೆ ಅವರು ಪಾರ್ಕಿನ ಕಡಲೆಕಾಯಿ ಅಜ್ಜಿ ಹತ್ತಿರ ಕನ್ನಡದಲ್ಲೇ ವ್ಯಾಪಾರ ಮಾಡುತ್ತಿದ್ದರು. ಗುಂಪಿನಲ್ಲಿ ಒಂದೇ ಒಂದು ಕನ್ನಡದ ಮನೆ ಇದ್ದರೂ ಈ ಕೆಲಸ ಅವರೇ ಕೈಗೆತ್ತಿಕೊಳ್ಳಬೇಕು. ಬೇರೆಯವರು ಶುರು ಮಾಡಲಿ ಅಂತ ಕಾಯಬೇಡಿ.

6. ಕಾಗದಪತ್ರದ ಕೆಲಸ ಒಬ್ಬರಿಗೆ ವಹಿಸಿ

ಗುಂಪಿನಲ್ಲಿ ಒಬ್ಬರು ಕಾನೂನು ಮತ್ತು ಪರೀಕ್ಷೆಯ ವಿಷಯ ಸರಿಯಾಗಿ ಓದಿ ಇಟ್ಟುಕೊಂಡರೆ ಉಳಿದವರ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ. ಆ ಒಬ್ಬರು ತಿಳಿದಿರಬೇಕಾದದ್ದು ಇಷ್ಟು.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ ಕಾಯ್ದೆ ಇದು. ಅದರ 10ನೇ ಸೆಕ್ಷನ್ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದ ತಂದೆ-ತಾಯಿಗೆ ಆ ಸೆಕ್ಷನ್ನಿನಲ್ಲಿ ದಂಡ ಹೇಳಿಲ್ಲ. ಹೋಮ್‌ಸ್ಕೂಲಿಂಗ್ ಅನ್ನು ಕಾಯ್ದೆ ಹೆಸರಿಟ್ಟು ಒಪ್ಪಿಯೂ ಇಲ್ಲ, ಹೆಸರಿಟ್ಟು ನಿಷೇಧಿಸಿಯೂ ಇಲ್ಲ. ನಮ್ಮ ನಿಲುವು ಸ್ವಲ್ಪ ಅಸ್ಪಷ್ಟ ಜಾಗದಲ್ಲಿದೆ ಅನ್ನುವುದನ್ನು ಹೊಸದಾಗಿ ಸೇರುವವರಿಗೆ ಮುಚ್ಚಿಡದೆ ಹೇಳಿ. "ಏನೂ ಆಗಲ್ಲ ಬಿಡಿ" ಅನ್ನುವ ಸಲಹೆ ಕೊಡಬೇಡಿ.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರುಗಳು ಮನೆಬಾಗಿಲಿಗೆ ಬರಬಹುದು. ಅವರು ಮಾಡುತ್ತಿರುವುದು ಒಳ್ಳೆಯ ಕೆಲಸ. ಕೂಲಿಗೆ ಹೋಗುವ, ಚಿಕ್ಕ ವಯಸ್ಸಿಗೇ ಮದುವೆಯಾಗುವ ಮಕ್ಕಳು ಸಿಗುವುದು ಈ ಓಡಾಟದಿಂದಲೇ. ಬಾಗಿಲು ಹಾಕಿಕೊಳ್ಳಬೇಡಿ. ಕೂರಿಸಿ, ಕಾಫಿ ಕೊಡಿ, ಮಗು ಮಾಡಿದ ಕೆಲಸದ ಫೈಲು ತೋರಿಸಿ. ಆ ಫೈಲನ್ನು ತಿಂಗಳಿಗೊಮ್ಮೆ ಗುಂಪಿನಲ್ಲಿ ಒಟ್ಟಿಗೆ ಕೂತು ಮಾಡಿ. ಓದಿದ ಪುಸ್ತಕಗಳ ಪಟ್ಟಿ, ಲೆಕ್ಕದ ಹಾಳೆ, ಚಿತ್ರ, ಹೋದ ಜಾಗದ ಟಿಕೆಟ್, ದಿನಾಂಕ. ಅದರ ಜೊತೆ ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಮೊದಲು ಶಾಲೆಯಲ್ಲಿದ್ದರೆ ಅಲ್ಲಿಂದ ತಂದ ಟಿಸಿ.

ಪರೀಕ್ಷೆಗೆ ಹೆಚ್ಚಿನವರು ಹೋಗುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದೇ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಚಿಕ್ಕವರಿಗೆ ಎ, ಬಿ, ಸಿ ಅಂತ ಮೂರು ಹಂತ ಇದೆ, ಅವು 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮನಾದ ಸೆಕೆಂಡರಿಗೆ ಸೇರಲು ಕನಿಷ್ಠ 14 ವರ್ಷ ಆಗಿರಬೇಕು, ಹನ್ನೆರಡನೆಯದಕ್ಕೆ 15. ಐದು ವಿಷಯ ಪಾಸಾಗಬೇಕು. ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಹೊತ್ತಿಗೆ. ಒಂದು ಸಲ ಹೆಸರು ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಮಕ್ಕಳ ಮೇಲಿನ ಭಾರ ಇದರಿಂದ ಎಷ್ಟು ಕಮ್ಮಿ ಆಗುತ್ತದೆ ಅಂತ ನೋಡಿದವರಿಗೇ ಗೊತ್ತು. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ. ಕೇಂಬ್ರಿಡ್ಜ್ ಐಜಿಸಿಎಸ್‌ಇ ಅನ್ನುವ, ಹತ್ತನೇ ತರಗತಿಗೆ ಸಮನಾದ ಹೊರದೇಶದ ಪರೀಕ್ಷೆ ಕಟ್ಟುವವರೂ ಇದ್ದಾರೆ. ಅದಕ್ಕೆ ಖರ್ಚು ಜಾಸ್ತಿ, ಖಾಸಗಿಯಾಗಿ ಬರೆಯಲು ಬಿಡುವ ಕೇಂದ್ರವನ್ನು ನೀವೇ ಹುಡುಕಬೇಕು. ಶುಲ್ಕ, ಕೊನೆಯ ದಿನಾಂಕ ಆಗಾಗ ಬದಲಾಗುತ್ತವೆ. ಅವನ್ನು ಯಾರದೋ ಫಾರ್ವರ್ಡ್ ಮೆಸೇಜಿನಲ್ಲಿ ನೋಡಬೇಡಿ, ಸಂಸ್ಥೆಯ ಜಾಲತಾಣದಲ್ಲೇ ನೋಡಿ.

ಇಂಟರ್‌ನೆಟ್‌ನಲ್ಲಿ ಸಿಗುವ ಬಹುಪಾಲು ಸಲಹೆ ಅಮೆರಿಕದ್ದು. ಅಲ್ಲಿ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಕಾನೂನುಬದ್ಧ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ, ಮನೆಯಲ್ಲಿ ಕಲಿಸಲು ಬಿಡುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ತಾವಿರುವ ದೇಶದ ಕಾನೂನು ನೋಡಿಕೊಳ್ಳಿ. ಇಲ್ಲಿರುವವರು ಅಲ್ಲಿಯ ಮಾತನ್ನು ಇಲ್ಲಿಗೆ ಹಚ್ಚಬೇಡಿ.

7. ಗುಂಪು ಶಾಲೆ ಆಗದಿರಲಿ

ಹತ್ತು-ಹನ್ನೆರಡು ಮನೆ ಆದ ಮೇಲೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಒಂದು ಮನೆ ಬಾಡಿಗೆಗೆ ಹಿಡಿದು, ಟೀಚರ್ ಇಟ್ಟು, ವಾರಕ್ಕೆ ಐದು ದಿನ ನಡೆಸಿದರೆ ಹೇಗೆ?" ಕೇಳಲು ಚೆನ್ನಾಗಿದೆ. ಆದರೆ ಮಾನ್ಯತೆ ಇಲ್ಲದೆ ಶಾಲೆ ನಡೆಸುವುದನ್ನು ಅದೇ ಕಾಯ್ದೆಯ 18ನೇ ಸೆಕ್ಷನ್ ನಿಷೇಧಿಸುತ್ತದೆ. ಒಂದು ಲಕ್ಷ ರೂಪಾಯಿ ತನಕ ದಂಡ, ನಿಲ್ಲಿಸದಿದ್ದರೆ ದಿನಕ್ಕೆ ಹತ್ತು ಸಾವಿರ. ಹಾಗಾಗಿ ಗಡಿ ಕಾಯ್ದುಕೊಳ್ಳಿ. ತಂದೆ-ತಾಯಿ ಮಕ್ಕಳ ಜೊತೆಗೇ ಇರಲಿ. ಫೀಸ್ ಬೇಡ. ಹಾಜರಿ, ತರಗತಿ, ಬೋರ್ಡು ಬೇಡ. ವಾರಕ್ಕೆ ಒಂದೋ ಎರಡೋ ದಿನ ಸಾಕು. ಕಲಿಸುವ ಹೊಣೆ ಆಯಾ ಮನೆಯದ್ದೇ.

ಕಾನೂನು ಬಿಡಿ, ಐದು ದಿನ ಆದಾಗ ಒಂದಿಬ್ಬರು ತಾಯಂದಿರು ಸಂಬಳವಿಲ್ಲದ ಟೀಚರ್ ಆಗಿಬಿಡುತ್ತಾರೆ. ನಾನು ನೋಡಿದ ಒಂದು ಗುಂಪು ಹಾಗೇ ಮುರಿದುಬಿತ್ತು.

ದುಡ್ಡಿನ ವಿಷಯ ಚಿಕ್ಕದಾಗಿರಲಿ. ನಾವು ಮನೆಗೆ ತಿಂಗಳಿಗೆ ನೂರು ರೂಪಾಯಿ ಹಾಕುತ್ತೇವೆ. ಚಾಪೆ, ಹಗ್ಗ, ಬಣ್ಣ, ಮೊದಲ ಚಿಕಿತ್ಸೆ ಡಬ್ಬಿ ಅದರಲ್ಲೇ. ಲೆಕ್ಕ ಬರೆಯುವ ಕೆಲಸ ಹನ್ನೆರಡು ವರ್ಷದ ಒಬ್ಬ ಹುಡುಗನದ್ದು.

8. ಸುರಕ್ಷತೆ: ಸಂಕೋಚ ಬೇಡ

ಎಲ್ಲರೂ ಒಳ್ಳೆಯವರೇ ಅಂದುಕೊಂಡು ಈ ಮಾತು ಮುಂದೂಡುತ್ತೇವೆ. ಮುಂದೂಡಬೇಡಿ. ಮೂರು ಮನೆ ಇರುವಾಗಲೇ ನಿಯಮ ಬರೆದರೆ ಯಾರಿಗೂ ತಮ್ಮನ್ನು ಅನುಮಾನಿಸಿದರು ಅನಿಸುವುದಿಲ್ಲ. ನಮ್ಮ ನಿಯಮಗಳು ಇವು. ಬೇರೆಯವರ ಮಗುವಿನ ಜೊತೆ ಯಾವ ದೊಡ್ಡವರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಕಲಿಸುವವರೂ ಸೇರಿ. ಮಗುವನ್ನು ಬಿಟ್ಟು ಹೋಗುವಂತಿಲ್ಲ, ಹೋಗಲೇಬೇಕಾದರೆ ಯಾರ ಹೊಣೆ ಅಂತ ಹೆಸರು ಹೇಳಿ ಹೋಗಬೇಕು. ಶೌಚಾಲಯಕ್ಕೆ ಮಕ್ಕಳು ಜೊತೆಯಾಗಿ ಹೋಗಬೇಕು. ಕೆರೆ, ಕೊಳ ಇರುವ ಜಾಗದಲ್ಲಿ ಇಬ್ಬರು ದೊಡ್ಡವರು ನೀರಿನ ಹತ್ತಿರವೇ ಇರಬೇಕು, ಫೋನ್ ನೋಡುವಂತಿಲ್ಲ. ಯಾವ ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಯಾರಿಗೆ ವೀಜಿಂಗ್ ಇದೆ ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ಮಕ್ಕಳ ಫೋಟೋ ಹೊರಗೆ ಹಾಕುವ ಮುಂಚೆ ಆ ಮನೆಯವರನ್ನು ಕೇಳಬೇಕು. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೇ ಬಾಯಿಪಾಠ ಆಗಿರಲಿ.

ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲಿ ತೊಂದರೆ ಆದರೆ ಒಬ್ಬ ಟೀಚರ್ ಆದರೂ ಗಮನಿಸಬಹುದು. ನಮ್ಮ ಮಕ್ಕಳನ್ನು ಹಾಗೆ ಗಮನಿಸುವ ಹೊರಗಿನ ಕಣ್ಣು ಈ ಗುಂಪೇ. ಒಂದು ಮಗು ಇದ್ದಕ್ಕಿದ್ದಂತೆ ಮಂಕಾದರೆ, ಒಂದು ಮನೆಯವರು ಹೇಳದೆ ಬರುವುದು ನಿಲ್ಲಿಸಿದರೆ ಫೋನ್ ಮಾಡಿ, ಹೋಗಿ ನೋಡಿ.

9. ಊರನ್ನು ಬಳಸಿ

ಗುಂಪಾದ ಮೇಲೆ ಬಾಗಿಲುಗಳು ತೆರೆಯುತ್ತವೆ. ಎರಡು ಮಕ್ಕಳನ್ನು ಕರೆದುಕೊಂಡು ಹೋಗಿ ಕಾರ್ಖಾನೆ ತೋರಿಸಿ ಅಂದರೆ ಯಾರೂ ಬಿಡುವುದಿಲ್ಲ. ಹದಿನೈದು ಮಕ್ಕಳ ಪಟ್ಟಿ ಇಟ್ಟು ಪತ್ರ ಬರೆದರೆ ಬಿಡುತ್ತಾರೆ. ಅರ್ಜಿಯಲ್ಲಿ "ಶಾಲೆಯ ಹೆಸರು" ಅನ್ನುವ ಜಾಗದಲ್ಲಿ ಸುಳ್ಳು ಬರೆಯಬೇಡಿ. "ಮನೆಯಲ್ಲಿ ಕಲಿಯುವ ಮಕ್ಕಳ ಗುಂಪು" ಅಂತಲೇ ಬರೆದು, ಕೆಳಗೆ ಇಬ್ಬರು ತಂದೆ-ತಾಯಿಯ ಹೆಸರು, ನಂಬರ್ ಹಾಕಿ.

ಬೆಂಗಳೂರಿನಲ್ಲಿ ನೆಹರು ತಾರಾಲಯ, ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಇವೆಲ್ಲ ನಮ್ಮ ವರ್ಷದ ಲೆಕ್ಕದಲ್ಲಿ ಇವೆ. ಮೈಸೂರಿನವರಿಗೆ ರೈಲ್ವೆ ಮ್ಯೂಸಿಯಂ, ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ, ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ. ಮಂಗಳೂರಿನವರಿಗೆ ಪಿಲಿಕುಳ ನಿಸರ್ಗಧಾಮ. ಧಾರವಾಡ, ಕಲಬುರಗಿಯಲ್ಲಿ ವಿಜ್ಞಾನ ಕೇಂದ್ರಗಳಿವೆ.

10. ಜಗಳ, ಬೇಸರ, ಬಿಟ್ಟು ಹೋಗುವವರು

ಜಗಳ ಬರುವುದು ಮೂರು ವಿಷಯಕ್ಕೆ: ಮೊಬೈಲು, ತಿಂಡಿ, ಮತ್ತು "ನಿಮ್ಮ ಮಗು ನನ್ನ ಮಗುವಿಗೆ ಹೊಡೀತು." ಮೊದಲ ಎರಡಕ್ಕೆ ನಿಯಮ ಮಾಡಿಕೊಳ್ಳಬಹುದು. ಮೂರನೆಯದಕ್ಕೆ ನಮ್ಮ ಪದ್ಧತಿ ಇದು: ಮಕ್ಕಳ ಜಗಳವನ್ನು ವಾಟ್ಸಾಪ್‌ನಲ್ಲಿ ಬರೆಯುವಂತಿಲ್ಲ. ಅವತ್ತೇ, ಅಲ್ಲೇ, ಇಬ್ಬರು ಅಮ್ಮಂದಿರು ನಡೆಯುತ್ತಾ ಮಾತಾಡಬೇಕು. ಅಕ್ಕಪಕ್ಕ ನಡೆಯುವಾಗ ಬರುವ ಮಾತು ಎದುರುಬದುರು ಕೂತಾಗ ಬರುವುದಿಲ್ಲ.

ವಾಟ್ಸಾಪ್ ಗುಂಪು ಎರಡು ಇರಲಿ. ಒಂದರಲ್ಲಿ ದಿನ, ಜಾಗ, ಸಮಯ ಮಾತ್ರ. ಹರಟೆ ಎಲ್ಲ ಇನ್ನೊಂದರಲ್ಲಿ.

ಒಂದು ವಿಷಯದಲ್ಲಿ ನಾವು ತಪ್ಪು ಮಾಡಿದೆವು. ನಮ್ಮ ಗುಂಪಿನ ಒಬ್ಬ ಹುಡುಗಿ ಹನ್ನೊಂದನೇ ವಯಸ್ಸಿಗೆ ತಾನೇ ಶಾಲೆಗೆ ಹೋಗುತ್ತೇನೆ ಅಂದಳು, ಹೋದಳು. ನಾವು ಅದನ್ನು ಸೋಲಿನಂತೆ ತೆಗೆದುಕೊಂಡೆವು. ಅವರ ಮನೆಗೆ ಫೋನ್ ಮಾಡುವುದು ಕಮ್ಮಿ ಆಯಿತು. ಆ ತಾಯಿ ಒಂದು ವರ್ಷದ ಮೇಲೆ ನನಗೆ ಹೇಳಿದರು: "ಶಾಲೆಗೆ ಸೇರಿಸಿದ್ದಕ್ಕೆ ನೀವೆಲ್ಲ ನಮ್ಮನ್ನ ಬಿಟ್ಟುಬಿಟ್ರಿ." ನಾನು ಕ್ಷಮೆ ಕೇಳಿದೆ. ಈಗ ಶಾಲೆಗೆ ವಾಪಸ್ ಹೋದ ಮಕ್ಕಳಿಗಾಗಿಯೇ ದಸರಾ ರಜೆಯಲ್ಲಿ ಒಂದು ದಿನ ಸೇರುತ್ತೇವೆ. ಮಗು ಎಲ್ಲಿ ಕಲಿಯುತ್ತದೆ ಅನ್ನುವುದನ್ನು ವರ್ಷವರ್ಷ ಹೊಸದಾಗಿ ಯೋಚಿಸುವ ಸ್ವಾತಂತ್ರ್ಯ ಎಲ್ಲ ಮನೆಗೂ ಇರಬೇಕು ಅಲ್ವಾ.

ದೊಡ್ಡವರಿಗೆ ಅಂತ ತಿಂಗಳಿಗೆ ಒಂದು ಸಂಜೆ ಇಡಿ, ಮಕ್ಕಳಿಲ್ಲದೆ. ಅಪ್ಪಂದಿರು ಮಕ್ಕಳನ್ನು ನೋಡಿಕೊಳ್ಳಲಿ, ಮುಂದಿನ ತಿಂಗಳು ಅದಲುಬದಲು. ಆ ಸಂಜೆ ಪಠ್ಯಕ್ರಮದ ಮಾತು ಬೇಡ. "ಇವತ್ತು ಮಗುವಿನ ಮೇಲೆ ಕೂಗಾಡಿದೆ, ನಾಳೆನೇ ಶಾಲೆಗೆ ಹಾಕಿಬಿಡೋಣ ಅನ್ನಿಸ್ತು" ಅಂತ ಒಬ್ಬರು ಹೇಳಿದಾಗ ಇನ್ನೊಬ್ಬರು "ನನಗೂ" ಅಂದರೆ ಸಾಕು.

11. ನಿಮ್ಮ ಊರಲ್ಲಿ ಒಂದು ಮನೆಯೂ ಇಲ್ಲದಿದ್ದರೆ

ಚಿಕ್ಕ ಊರು, ಹಳ್ಳಿಗಳಲ್ಲಿ ಇರುವವರು ಇದನ್ನೇ ಕೇಳುತ್ತಾರೆ. ಮೂರು ಮನೆ ಹೋಮ್‌ಸ್ಕೂಲಿಂಗ್‌ನವೇ ಆಗಬೇಕು ಅಂತೇನೂ ಇಲ್ಲ. ಸಂಜೆ ನಾಲ್ಕೂವರೆಗೆ ನಿಮ್ಮ ಬೀದಿಯ ಮಕ್ಕಳೆಲ್ಲ ಶಾಲೆಯಿಂದ ಬರುತ್ತಾರೆ. ಅವರ ಹೊತ್ತಿಗೆ ನಿಮ್ಮ ಮಗುವಿನ ಹೊತ್ತನ್ನು ಹೊಂದಿಸಿ. ನಿಮ್ಮ ಜಗಲಿಯಲ್ಲಿ ವಾರಕ್ಕೊಂದು ದಿನ ಕಥೆ ಓದಿ, ಎಲ್ಲರನ್ನೂ ಕರೆಯಿರಿ. ಗ್ರಾಮ ಪಂಚಾಯಿತಿಯ ಲೈಬ್ರರಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ "ಓದುವ ಬೆಳಕು" ಯೋಜನೆ 2020ರಲ್ಲಿ ಶುರುವಾಯಿತು. ಮಗುವಿನ ಹೆಸರಲ್ಲೇ ಕಾರ್ಡು ಮಾಡಿಸಿ. ಲೈಬ್ರರಿ ನೋಡಿಕೊಳ್ಳುವವರನ್ನು ಪರಿಚಯ ಮಾಡಿಕೊಳ್ಳಿ. ಯಕ್ಷಗಾನ, ಭಜನೆ, ಕಬಡ್ಡಿ, ಏನು ನಡೆಯುತ್ತದೋ ಅಲ್ಲಿಗೆ ಕಳಿಸಿ.

ದೂರದ ಊರಿನ ಒಂದು ಹೋಮ್‌ಸ್ಕೂಲಿಂಗ್ ಕುಟುಂಬದ ಜೊತೆ ಜೋಡಿ ಮಾಡಿಕೊಳ್ಳಿ. ವಾರಕ್ಕೊಂದು ವಿಡಿಯೋ ಕರೆ, ಮಕ್ಕಳು ಒಬ್ಬರಿಗೊಬ್ಬರು ಕಾಗದ ಬರೆಯುವುದು, ಬೇಸಿಗೆಯಲ್ಲಿ ಒಂದು ವಾರ ಅವರ ಮನೆ, ಒಂದು ವಾರ ನಿಮ್ಮ ಮನೆ. ಸಾಗರದ ಹತ್ತಿರದ ಹಳ್ಳಿಯ ಒಂದು ಮನೆ ನಮಗೆ ಹೀಗೆ ಸಿಕ್ಕಿತು. ಬೇಸಿಗೆಯಲ್ಲಿ ನನ್ನ ಮಗಳು ಅಲ್ಲಿ ಹಲಸಿನಕಾಯಿ ಬಿಡಿಸುತ್ತಾಳೆ, ನವೆಂಬರಿನಲ್ಲಿ ಆ ಮನೆಯ ಹುಡುಗ ನಮ್ಮ ಜೊತೆ ಪರಿಷೆಗೆ ಬರುತ್ತಾನೆ. ಬುಧವಾರ ಅವನೂ ಬಿದಿರು ಮೆಳೆ ಹತ್ತಿರ ಇರುತ್ತಾನೆ. ಮೊದಲ ಸಲ ಬಂದಾಗ ಹಾದಿಯಲ್ಲಿ ಯಾರೋ ಅವನನ್ನು "ಯಾವ ಸ್ಕೂಲಪ್ಪಾ?" ಅಂತ ಕೇಳಿದರು. ಅವನು ಗುಂಪಿನ ಕಡೆ ಕೈ ತೋರಿಸಿ "ನಾವೆಲ್ಲ ಮನೇಲೇ ಕಲಿಯೋದು" ಅಂದ.